ಮುಂದಿನ ಮನೆಗೆ ಹೋಗಪ್ಪ

ಭೀಮಾ ಅಮರಜಾ ಸಂಗಮದ ದೇವಲ ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ಜೋಳಿಗೆ ಹಿಡಿದು ಮನೆಮನೆಯ ಮಧುಕರಿ ಬೇಡುವ ದತ್ತಭಕ್ತರನ್ನು ಕಂಡಾಗಲೆಲ್ಲ, ಅದೇ ಅಫಜಲಪುರ ತಾಲೂಕಿನ ನದೀತೀರದ ಪಂಪ್‌ಹೌಸೊಂದರಲ್ಲಿ ಮೀಟರಿನಿಂದ ಮೀಟರಿಗೆ ಅಂಕಿ ಬೇಡುತ್ತ ಅಲೆಯುವ ಕಂಪ್ಯೂಟರು ನನಗೆ ನೆನಪಾಗುವುದುಂಟು. ಆಸ್ತಿಕರು ಈ ಸಾದೃಶ್ಯವನ್ನು ಕ್ಷಮಿಸಬೇಕು. 1979ರಲ್ಲಿ ಮೋಡಿಕಾನ್ ಕಂಪನಿಯವರು ರೂಪಿಸಿದ, ಈ ಕಂಪ್ಯೂಟರು ಪಾಲಿಸುವ ಮೋಡ್‌ಬಸ್ ಸಂಪ್ರದಾಯದಲ್ಲಿ, ಒಂದು ತಂತಿಯ ಮೇಲೆ ಬೇಡುವವನು ಒಬ್ಬನೇ. ಕೊಡುವ ಮನೆಗಳ ಸಂಖ್ಯೆ 1ರಿಂದ 247ರವರೆಗೆ. ಕೇಳದ ಹೊರತು ಯಾವ ಮನೆಯೂ ಬಾಯಿ ತೆರೆಯುವಂತಿಲ್ಲ.

ಭಿಕ್ಷೆ ದೊರೆತಾಗ ವಿಶೇಷವೇನಿಲ್ಲ, ಸ್ವಾರಸ್ಯವೆಲ್ಲ ದೊರೆಯದಾಗಿನದು. ಕೊಡಲಾರದ ಮೀಟರು ಕದವಿಕ್ಕಿಕೊಂಡು ಕುಳಿತಿರದೆ, ಕೇಳಿದ ಅಪ್ಪಣೆಯ ಸಂಖ್ಯೆಗೆ 128 ಕೂಡಿಸಿ, ಅಂದರೆ 3 ಎಂದವನಿಗೆ 131 ಎಂದು ಮರುನುಡಿದು, ಬೆನ್ನಿಗೇ ಕಾರಣವನ್ನೂ ಒಂದು ಅಂಕಿಯಲ್ಲಿ ತಿಳಿಸುತ್ತದೆ. 1 ಎಂದರೆ ಆ ಕೆಲಸವೇ ತನಗೆ ತಿಳಿಯದು. 2 ಎಂದರೆ ಕೇಳಿದ ವಿಳಾಸ ತನ್ನಲ್ಲಿಲ್ಲ. 5 ಎಂದರೆ, 'ನಿಂದ್ರರಿ, ಇನ್ನಾ ಕುದೀಲಾಕತ್ತದ'. 6 ಎಂದರೆ, 'ಕೈ ಖಾಲಿ ಇಲ್ಲ, ಆಮ್ಯಾಲ ಬರ್ರಿ'. ಇಷ್ಟು ಮರ್ಯಾದೆಯಿಂದ ಇಲ್ಲವೆನ್ನುವ ಕಚೇರಿಯನ್ನು ನಾನಂತೂ ಕಂಡಿಲ್ಲ.

ಆದರೆ ಯಾರೋ ಪುಣ್ಯಾತ್ಮರು ಬರೆದು ಆ ಕಂಪ್ಯೂಟರಿನಲ್ಲಿ ಕೂಡಿಸಿಹೋಗಿದ್ದ ಡ್ರೈವರ್ ತಂತ್ರಾಂಶಕ್ಕೆ ಈ ಉಪಚಾರಭಾಷೆಯ ಗಂಧವೇ ಇರಲಿಲ್ಲ. ಎರಡು ರಿಜಿಸ್ಟರು, ಅಂದರೆ ಮೀಟರು ಅಂಕಿ ಇಟ್ಟುಕೊಳ್ಳುವ ಎರಡು ಖಾನೆ, ಕೇಳಿದರೆ ಒಂಬತ್ತು ಬೈಟು ಬರತಕ್ಕದ್ದೆಂದು ಅದರ ದೃಢವಿಶ್ವಾಸ. 'ಇಲ್ಲ' ಎಂಬ ಉತ್ತರದ ಉದ್ದವೋ ಐದೇ ಬೈಟು. ಆ ಐದನ್ನೂ ಜೋಳಿಗೆಗೆ ಹಾಕಿಕೊಂಡು, ಮಿಕ್ಕ ನಾಲ್ಕಕ್ಕಾಗಿ ಹೊಸ್ತಿಲಲ್ಲೇ ನಿಂತು, ಹೊತ್ತು ಮೀರಿದ ಮೇಲೆ 'ಮೀಟರ್ ಸತ್ತಿದೆ' ಎಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಸಾರಿಬಿಡುತ್ತಿತ್ತು. ಬದುಕಿದ್ದು ಮಾತಾಡುತ್ತಿದ್ದ ಮೀಟರನ್ನು ಆಪರೇಟರು ಬಿಚ್ಚಿ, ಒರೆಸಿ, ಮತ್ತೆ ಕಟ್ಟುತ್ತಿದ್ದ. ಪಾಪ, ಅದು ಹೇಳುತ್ತಿದ್ದುದು 2 ಎಂದಷ್ಟೆ: ಕೈಪಿಡಿಯಲ್ಲಿ 40108 ಎಂದು ಅಚ್ಚಾಗಿರುವ ರಿಜಿಸ್ಟರನ್ನು ತಂತಿಯ ಮೇಲೆ 107 ಎಂದು ಕೇಳಬೇಕೆಂಬ ಸೂಕ್ಷ್ಮವನ್ನು ಆ ಪುಣ್ಯಾತ್ಮರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ಡ್ರೈವರನ್ನು ತಿದ್ದಲು ನಾನು ಬರೆದದ್ದು ಸ್ವಲ್ಪವೇ. ಬಂದ ಅಪ್ಪಣೆಯ ಸಂಖ್ಯೆ 128ನ್ನು ಮೀರಿದೆಯೋ ಎಂದು ಮೊದಲು ನೋಡುವುದು; ಮೀರಿದ್ದರೆ ಐದು ಬೈಟಿಗೇ ತೃಪ್ತಿಪಡುವುದು; 1, 2 ಬಂದಲ್ಲಿ ಮತ್ತೆ ಕಾಡದೆ ಕಾರಣ ಬರೆದಿಟ್ಟು ಮುಂದಿನ ಮನೆಗೆ ನಡೆಯುವುದು; 6 ಬಂದಲ್ಲಿ ಕೊಂಚ ತಡೆದು ಕೇಳುವುದು.

ಪರದೆಯ ಮೇಲೆ ಮೊದಲ 6 ಮೂಡಿದಾಗ ಆಪರೇಟರು ವಾಡಿಕೆಯಂತೆ ಪಾನಾ ಎತ್ತಿಕೊಂಡ.

"ಸತ್ತಿಲ್ಲಪಾ, ಕೆಲಸದಾಗ ಅದ ಅಂತ ಹೇಳಲಾಕತ್ತದ" ಎಂದೆ.

"ಹಂಗಿದ್ರ ಚಹಾ ಕುಡಿದು ಬರೂಣ ನಡೀರಿ ಸಾಹೇಬ್ರ" ಎಂದು ಅವನು ಪಾನಾ ಕೆಳಗಿಟ್ಟ.