ಮಾವನ ಒಬ್ಬಳೇ ತಂಗಿ

ಶನಿವಾರ ಗಣಿತದ ಕ್ಲಾಸು, ಭಾನುವಾರ ಕನ್ನಡ ಶಾಲೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡದ ಮನೆಗಳಲ್ಲಿ ವಾರಾಂತ್ಯವೆಂದರೆ ಅಪ್ಪ ಡ್ರೈವರು, ಅಮ್ಮ ಟೈಮ್‌ಕೀಪರು, ಮಕ್ಕಳು ಪಾರ್ಸೆಲ್ಲು. ಮೊದಲನೆಯ ಕ್ಲಾಸಿಗೆ ಡಾಲರು ಸುರಿಸುತ್ತಾರೆ, ಎರಡನೆಯದಕ್ಕೆ ಕಣ್ಣೀರು. "ನಮ್ಮ ಮಕ್ಕಳು ಕನ್ನಡ ಮಾತಾಡೋದೇ ಇಲ್ಲ" ಎಂಬ ದುಃಖವನ್ನು ತೋಡಿಕೊಳ್ಳುವುದು ಬಹುಪಾಲು ಇಂಗ್ಲಿಷಿನಲ್ಲೇ ಎಂಬುದು ಬೇರೆ ಮಾತು. ನನ್ನ ವಾದ ಇಷ್ಟೆ: ಕಾರಿನಲ್ಲಿ ಹೋಗಿಬರುವಾಗ ಕನ್ನಡದಲ್ಲೇ ಒಂದು ಲೆಕ್ಕದ ಒಗಟು ಹಾಕಿದರೆ ಎರಡೂ ಕ್ಲಾಸಿನ ಅರ್ಧ ಕೆಲಸ ದಾರಿಯಲ್ಲೇ ಆಗುತ್ತದೆ. "ಹಾಲು ಕುಡಿ, ಹಲ್ಲುಜ್ಜು" ಎನ್ನುವ ಕನ್ನಡ ಮಗುವಿಗೆ ತಿಳಿಯದಿದ್ದರೂ ನಡೆಯುತ್ತದೆ, ಅಮ್ಮನ ಕಣ್ಣು ನೋಡಿದರೆ ಸಾಕು. ಒಗಟು ಹಾಗಲ್ಲ. ಒಂದು ಪದ ಕೈಜಾರಿದರೂ ಉತ್ತರ ಜಾರುತ್ತದೆ. ಆದ್ದರಿಂದ ಮಗು "ಇನ್ನೊಂದ್ಸಲ ಹೇಳಮ್ಮ" ಎನ್ನಲೇಬೇಕು. ಕನ್ನಡವನ್ನು ಮಗುವೇ ಇನ್ನೊಮ್ಮೆ ಕೇಳಿ ಪಡೆಯುವ ಸಂದರ್ಭ ಹೊರನಾಡಿನಲ್ಲಿ ಬೇರೆ ಯಾವುದಿದೆ?

ಗಣಿತಕ್ಕೆ ಭಾಷೆಯ ಹಂಗೇಕೆ, ಒಗಟನ್ನು ಇಂಗ್ಲಿಷಿನಲ್ಲೇ ಕೇಳಬಾರದೇಕೆ ಎನ್ನುವವರಿದ್ದಾರೆ. ಅವರಿಗಾಗಿ ಒಂದು ಪ್ರಶ್ನೆ: ನಿನ್ನ ಸೋದರಮಾವನ ಒಬ್ಬಳೇ ತಂಗಿ ನಿನಗೆ ಏನಾಗಬೇಕು? ಇಂಗ್ಲಿಷಿನಲ್ಲಿ ಮಾವ ಅಂಕಲ್, ತಂಗಿ ಸಿಸ್ಟರ್. ಅಂಕಲ್‌ಗೆ ಒಬ್ಬಳೇ ಸಿಸ್ಟರ್ ಇದ್ದರೆ ಅವಳು ಅಮ್ಮ, ಒಗಟು ಅಲ್ಲಿಗೆ ಸತ್ತಿತು. ಕನ್ನಡದಲ್ಲಿ ಅದು ಆಗಷ್ಟೇ ಕಣ್ಣು ಬಿಡುತ್ತದೆ. ಮಾವ ಅಮ್ಮನಿಗೆ ಅಣ್ಣನೋ ತಮ್ಮನೋ? ಅಣ್ಣನಾದರೆ ಉತ್ತರ ಅಮ್ಮ. ತಮ್ಮನಾದರೆ ಅಮ್ಮ ಅವನಿಗೆ ಅಕ್ಕ, ತಂಗಿಯಲ್ಲ. ಹಾಗಾದರೆ ಅವನ ಒಬ್ಬಳೇ ತಂಗಿ ಚಿಕ್ಕಮ್ಮ. ಅಂದರೆ ಉತ್ತರ ಹೇಳುವ ಮುನ್ನ ಮಗು ನಮ್ಮನ್ನೇ ಒಂದು ಪ್ರಶ್ನೆ ಕೇಳಬೇಕು, ಮತ್ತು ಅದು ಸರಿಯಾದ ಪ್ರಶ್ನೆಯಾಗಿರಬೇಕು. ತರ್ಕವೆಂದರೆ ಇನ್ನೇನು? ನಲ್ಲಿ ಸರಿಮಾಡಲು ಬರುವ ಪ್ಲಂಬರನಿಂದ ಹಿಡಿದು ಅಪ್ಪನ ಬಾಸ್‌ವರೆಗೆ ಎಲ್ಲರನ್ನೂ ಅಂಕಲ್ ಎಂದು ಕರೆಯುವ ಮಗುವಿಗೆ ಸಂಬಂಧಗಳೆಲ್ಲ ಒಂದೇ ಎಕ್ಸ್ ಇರುವ ಸಮೀಕರಣ. ಅಣ್ಣ, ತಮ್ಮ, ಅಕ್ಕ, ತಂಗಿ ಎಂದಕೂಡಲೇ ಅದರಲ್ಲಿ ದೊಡ್ಡದು ಚಿಕ್ಕದು ಎಂಬ ಚಿಹ್ನೆಗಳು ತಾವಾಗಿ ಬಂದು ಕೂರುತ್ತವೆ.

ಅಂಕಿಗಳ ವಿಷಯದಲ್ಲಿ ತಕರಾರು ಮಕ್ಕಳದಲ್ಲ, ಹೆತ್ತವರದು. ತಮ್ಮ ಫೋನ್ ನಂಬರನ್ನೇ ಕನ್ನಡದಲ್ಲಿ ಹೇಳಿ ಎಂದರೆ ಎಪ್ಪತ್ತೊಂಬತ್ತರ ಹತ್ತಿರ ಎಡವುವ ಅಪ್ಪಂದಿರು ಕಡಿಮೆಯೇನಿಲ್ಲ. ಎಡವಲಿ, ಮಗು ತಿದ್ದಲಿ, ಮನೆಯಲ್ಲಿ ಒಂದಿಷ್ಟು ಪ್ರಜಾಪ್ರಭುತ್ವವೂ ಬರಲಿ. ಭಿನ್ನರಾಶಿಗಂತೂ ನಮ್ಮಲ್ಲಿ ಚಿತ್ರದ ಪುಸ್ತಕವೇ ಬೇಡ. ಕಾಲು ಹಸುವಿಗೂ ಇದೆ, ಅದು ಕೊಡುವ ಹಾಲಿಗೂ ಇದೆ. ನಾಲ್ಕು ಕಾಲು ಸೇರಿದರೆ ಅಲ್ಲಿ ಒಂದು ಹಸು, ಇಲ್ಲಿ ಒಂದು ಲೀಟರು. ಇದೇನು ಹೊಸ ಚಟವೂ ಅಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿ ಕಲಿಸಲು ಒಂದು ಮುತ್ತಿನ ಹಾರವೇ ಹರಿದು ಚೆಲ್ಲುತ್ತದೆ. 12ನೇ ಶತಮಾನದ ರಾಜಾದಿತ್ಯನಂತೂ 'ವ್ಯವಹಾರ ಗಣಿತ'ವನ್ನು ಕನ್ನಡದಲ್ಲೇ ಬರೆದ.

ಅಮೆರಿಕದಲ್ಲಿ ಬೆಳೆದ ಮಕ್ಕಳು ಒಗಟನ್ನು ಬಿಡಿಸುವ ಬದಲು ಅದರ ಮೇಲೆ ಕೇಸು ಹಾಕುತ್ತಾರೆ ಎಂಬ ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಹುಲಿ, ಮೇಕೆ, ಹುಲ್ಲಿನ ಹೊರೆ, ಒಬ್ಬ ರೈತ, ರೈತನ ಜೊತೆ ಒಂದೇ ಒಂದು ಹಿಡಿಸುವ ದೋಣಿ: ಯುರೋಪಿನಲ್ಲಿ ಇದೇ ಲೆಕ್ಕ ತೋಳ, ಮೇಕೆ, ಕೋಸಿನ ರೂಪದಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಲ್ಯಾಟಿನ್ನಿನಲ್ಲಿ ದಾಖಲಾಗಿದೆ. ಅಷ್ಟು ಕಾಲ ಯಾರೂ ಕೇಳದ್ದನ್ನು ಹಿಂದಿನ ಸೀಟು ಕೇಳುತ್ತದೆ: ಹುಲಿ ಸಾಕಲು ರೈತನಿಗೆ ಪರ್ಮಿಟ್ ಇದೆಯೇ? ಲೈಫ್ ಜಾಕೆಟ್ ಎಲ್ಲಿ? ಸಿಟ್ಟಾಗಬೇಡಿ. ಪರ್ಮಿಟ್ ಕೇಳಿದ ಮಗುವಿಗೆ ಹುಲಿಯೂ ಅರ್ಥವಾಗಿದೆ, ಹೊರೆಯೂ ಅರ್ಥವಾಗಿದೆ; ಭಾನುವಾರದ ಪಾಠ ಮುಗಿಯಿತು. ಉಳಿದದ್ದು ಶನಿವಾರದ ಪಾಠ: 7 ಸಲ ಹೊಳೆ ದಾಟಬೇಕು, ಮತ್ತು ಒಮ್ಮೆ ಆಚೆ ದಡ ಸೇರಿಸಿದ ಮೇಕೆಯನ್ನು ನಡುವೆ ವಾಪಸು ತರಬೇಕು. ಊರಿಗೇ ಹೋಗಿ ನೆಲೆಸುತ್ತೇವೆಂದು ಹೊರಟು, ಎರಡು ವರ್ಷಕ್ಕೆ ಮತ್ತೆ ಬಂದಿಳಿದ ದಂಪತಿಗಳಿಗೆ ಈ ಉಪಾಯ ಬೇಗ ಹೊಳೆಯಬಹುದು.

ಫೋನನ್ನು ಕೇಳಿದರೆ ಉತ್ತರ ಕ್ಷಣದಲ್ಲಿ ಸಿಗುತ್ತದಲ್ಲ ಎಂಬುದು ಕೊನೆಯ ಆಕ್ಷೇಪ. ಮೇಕೆಯದು ಸಿಗುತ್ತದೆ, ಮಾವನದು ಸಿಗುವುದಿಲ್ಲ. ಯಾರಿಗೆ ಯಾರು ಹಿರಿಯರು ಎಂಬುದು ಮೈಸೂರಿನ ಅಜ್ಜಿಗೆ ಗೊತ್ತು. ಫೋನು ಮಾಡಲಿ, ಆದರೆ ಅಜ್ಜಿ ಎದ್ದಿರುವ ಹೊತ್ತೇ ಎಂದು ಮೊದಲು ಮಗುವೇ ಲೆಕ್ಕ ಹಾಕಲಿ: ಕ್ಯಾಲಿಫೋರ್ನಿಯಾದ ಗಡಿಯಾರಕ್ಕೆ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಕೂಡಿಸಬೇಕು, ಚಳಿಗಾಲದಲ್ಲಿ ಹದಿಮೂರೂವರೆ.