ಪಾಲುದಾರ ಸ್ಯಾದ್ವಾದ: ಕಾಗವಾಡದ ಅಡತಿ ಅಂಗಡಿಯೊಂದರ ತೆರಿಗೆ ಮೀಮಾಂಸೆ

ಪೀಠಿಕೆ: ಕಾಗವಾಡ, ಶೇಡಬಾಳ, ಉಗಾರದ ಸೀಮೆಯಲ್ಲಿ ಎರಡು ವಿದ್ಯೆಗಳು ನೆಲೆಸಿವೆ: ಒಂದು ಬಗೆಯಲ್ಲಿ ಉಂಟು, ಇನ್ನೊಂದು ಬಗೆಯಲ್ಲಿ ಇಲ್ಲ ಎಂದು ಏಳು ಭಂಗಗಳಲ್ಲಿ ನುಡಿಯುವ ಜೈನರ ಸ್ಯಾದ್ವಾದ, ವರ್ತಕರ ಕಿರ್ದಿ-ಖತಾವಣಿ. ಇವೆರಡೂ ಒಂದೇ ಎಂಬುದು ವಿದ್ವಾಂಸರ ಗಮನಕ್ಕೆ ಬಾರದಿರುವುದು ಶೋಚನೀಯ.

ದೃಷ್ಟಾಂತಕ್ಕೆ ಒಂದು ಕಲ್ಪಿತ ಬೆಲ್ಲದ ಅಡತಿ ಅಂಗಡಿ. ಸಮಪಾಲಿನ ಇಬ್ಬರು ಸಾವಕಾರರು. ಹಿರಿಯರು ಗಾದಿಯ ಮೇಲೆ ಕೂತು ದುಡಿಯುತ್ತಾರೆ. ಕಿರಿಯರು 5 ಲಕ್ಷ ಬಂಡವಾಳ ಹೂಡಿ, ಉಂಡು ಮಲಗುತ್ತಾರೆ. ವರ್ಷ 2025-26.

ಪೂರ್ವಪಕ್ಷ: ಅಂಗಡಿ ಎಂಬುದೊಂದು ಉಂಟೆ? 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಅದು ಪಾಲುದಾರರಿಗೆ ಇಟ್ಟ ಒಟ್ಟು ಹೆಸರು, ಅಷ್ಟೇ. 1961ರ ಆದಾಯ ತೆರಿಗೆ ಕಾಯ್ದೆಗೆ ಅದು ಪ್ರತ್ಯೇಕ ವ್ಯಕ್ತಿ, ಶೇ. 30 ತೆರಿಗೆ. ಆದ್ದರಿಂದ ಇಲ್ಲದವನಿಗೂ ಪಾನ್ ಕಾರ್ಡ್ ಉಂಟೆಂದು ಸಿದ್ಧ.

ಪ್ರಥಮ ಭಂಗ, ಸ್ಯಾದಸ್ತಿ: ಬಡ್ಡಿ, ಸಂಬಳ ಪಾಲುದಾರನ ಆದಾಯ ಹೌದು, ಕರಾರುಪತ್ರದಲ್ಲಿ ಬರೆದಿದ್ದರೆ. ಬಡ್ಡಿಗೆ ಮಿತಿ ಶೇ. 12, ಕಿರಿಯರಿಗೆ ನಿದ್ದೆಯಲ್ಲೇ 60,000. ಅದನ್ನು ಕಳೆದ ಮೇಲಿನ ಲಾಭ 10 ಲಕ್ಷವೆನ್ನೋಣ. ಸಂಬಳದ ಮಿತಿ, ಮೊದಲ 6 ಲಕ್ಷಕ್ಕೆ ಶೇ. 90, ಉಳಿದದ್ದಕ್ಕೆ ಶೇ. 60: ಒಟ್ಟು 7,80,000, ಅಷ್ಟೂ ದುಡಿಯುವ ಹಿರಿಯರಿಗೆ. ಇದು ಸಂಬಳವೆನಿಸಿಕೊಂಡರೂ ವ್ಯಾಪಾರದ ಆದಾಯವಾದ್ದರಿಂದ ನೌಕರರ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗದು. 2025ರ ಏಪ್ರಿಲ್ 1ರಿಂದ ಇಂಥ ಪಾವತಿ ವರ್ಷಕ್ಕೆ 20,000 ಮೀರಿದರೆ ಶೇ. 10 ಟಿಡಿಎಸ್. ಹಿರಿಯರು ತಮ್ಮಿಂದ ತಾವೇ 78,000 ಮುರಿದುಕೊಂಡು, ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಟು, ತಡವಾಯಿತೆಂದು ತಮ್ಮನ್ನೇ ಗದರಿಸಿಕೊಳ್ಳುತ್ತಾರೆ.

ದ್ವಿತೀಯ ಭಂಗ, ಸ್ಯಾನ್ನಾಸ್ತಿ: ಅಂಗಡಿಗೆ ಉಳಿದದ್ದು 2,20,000. ಸೆಸ್ ಸೇರಿ 68,640 ತೆರಿಗೆ ಕಟ್ಟಿದ ಮೇಲೆ ತಲಾ 75,680. ಈ ಲಾಭದ ಪಾಲು 1961ರ ಕಾಯ್ದೆಯ 10(2ಎ) ಕಲಮಿನಂತೆ ಪಾಲುದಾರನ ಕೈಯಲ್ಲಿ ತೆರಿಗೆಗೆ ಸೇರದು. ಹಣ ಉಂಟು, ಆದಾಯವಿಲ್ಲ. 1993-94ರ ಕರನಿರ್ಧಾರಣಾ ವರ್ಷಕ್ಕೆ ಮುಂಚೆ ನೋಂದಾಯಿತ ಅಂಗಡಿಯೂ ತೆರುತ್ತಿತ್ತು, ಪಾಲುದಾರನೂ ತೆರುತ್ತಿದ್ದ. ಪೂರ್ವಾಚಾರ್ಯರಿಗೆ ಈ ಸೂಕ್ಷ್ಮ ಹೊಳೆದಿರಲಿಲ್ಲ.

ತೃತೀಯ ಭಂಗ, ಸ್ಯಾದಸ್ತಿ-ನಾಸ್ತಿ: ಹಿರಿಯರು ಆಸೆಬಿದ್ದು 9 ಲಕ್ಷ ಸಂಬಳ ಎತ್ತಿದರೆನ್ನಿ. ಮಿತಿ ಮೀರಿದ 1,20,000 ಅಂಗಡಿಯ ಆದಾಯಕ್ಕೇ ಮರಳಿ ಅಲ್ಲೇ ತೆರಿಗೆ ತೆರುತ್ತದೆ. ಇವರ ಲೆಕ್ಕಕ್ಕೆ ಬಾರದು. ಒಂದೇ ಥೈಲಿ, ಒಂದಂಶಕ್ಕೆ ಜನ್ಮಾಂತರ.

ಚತುರ್ಥ ಭಂಗ, ಅವಕ್ತವ್ಯ (ಹೇಳಬಾರದ್ದು): ಆಸೆ ಬಿಟ್ಟು 7,80,000ಕ್ಕೇ ನಿಂತ ಹಿರಿಯರನ್ನು ಮನೆಯವರು ಕೇಳಿದರು, "ಅಂಗಡ್ಯಾಗಿಂದ ವರ್ಷಕ್ಕ ಎಷ್ಟ ಬರ್ತೈತ್ರಿ?" ತೆರಿಗೆಯವರಿಗೆ 7,80,000; ಕಿರ್ದಿಗೆ 8,55,680; ಕೈಗೆ ಬಂದದ್ದು 7,77,680. ಮೂರೂ ಸತ್ಯ. "ಈ ವರ್ಷ ವ್ಯಾಪಾರ ಮಂದ ಐತಿ" ಎಂದರು ಹಿರಿಯರು.

ಪಾಠಾಂತರ: 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಪಾರಾಯಣಕ್ಕೆ ಬಂದಿದೆ. ಸೂತ್ರಸಂಖ್ಯೆ ಬದಲಾಗಿದೆ, ನಿಟ್ಟುಸಿರು ಹಳೆಯದೇ.

ಉಪಸಂಹಾರ: ಸಪ್ತಭಂಗಿಯ ಉಳಿದ ಮೂರು ಭಂಗಗಳು ಆಡಿಟರರ ಅಧೀನ; ಅದಕ್ಕೆ ಫೀ ಬೇರೆ. ಆ ಫೀ ಅಂಗಡಿಯ ಖರ್ಚಾದ್ದರಿಂದ ಲಾಭ ಅಷ್ಟು ಇಳಿಯುತ್ತದೆ. ಆದಕಾರಣ ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಮಾಡತಕ್ಕದ್ದು.