‘ನನ್ನ ಹೆಸರಿನ ಮುಂದೆ ಸೊನ್ನೆ ಬರೆದಿದ್ದಾರೆ ಸ್ವಾಮಿ!’

ಚನ್ನಗಿರಿಯ ಅಡಿಕೆ ಮಂಡಿಯೊಂದರ ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕಾರ್ಡ್ ನೋಡಿಕೊಳ್ಳುವವರು ಡ್ರೈವರ್ ಶ್ರೀ ಆರ್8169. ರಾಶಿ ಅಡಿಕೆಯ ದರ ಬರುವುದೂ ರೈತರ ಖಾತೆಗೆ ಹಣ ಹೋಗುವುದೂ ಇವರ ಕೈಯಿಂದಲೇ. ಓಡುತ್ತಿರುವ ಕರ್ನಲ್‌ನಿಂದ ಇವರನ್ನು ಎಬ್ಬಿಸುತ್ತಾರೆಂಬ ಸುದ್ದಿ ಕೇಳಿ ಭೇಟಿಯಾದೆವು.

● ಕೆಲಸ ಹೇಗಿದೆ?

– ಕೆಲಸಕ್ಕೇನೂ ಬರ ಇಲ್ಲ. ಲೆಕ್ಕಕ್ಕೆ ಮಾತ್ರ ಇಲ್ಲ. ‘ಎಲ್‌ಎಸ್‌ಮಾಡ್’ ಅಂತ ಹೊಡೆದು ಮಾಡ್ಯೂಲ್‌ಗಳ ಪಟ್ಟಿ ನೋಡ್ರಿ. ನನ್ನ ಹೆಸರಿನ ಮುಂದೆ ಬಳಕೆದಾರರು 0!

● ಇಡೀ ಮಂಡಿ ನಿಮ್ಮನ್ನೇ ನಂಬಿದೆಯಲ್ಲ?

– 2003ರ ಕೊನೆಗೆ ಬಂದ 2.6 ಕರ್ನಲ್‌ನಲ್ಲೇ ಈ ಕಾನೂನು ಬಂತು. ಇಂಟರ್‌ಫೇಸ್ ಚಾಲೂ ಇದ್ದರೂ ಅದು ನಮ್ಮ ಲೆಕ್ಕಕ್ಕೆ ಸೇರಲ್ಲ. ಪಕ್ಕದ ಫೈಲ್‌ಸಿಸ್ಟಂ ಮಾಡ್ಯೂಲ್ ನೋಡಿ. ಯಾರದೋ ಪೆನ್‌ಡ್ರೈವ್ ಮೌಂಟ್ ಆಗಿದ್ದರೂ ಸಾಕು, ತೆಗೆಯಲು ಬಂದವನನ್ನು ‘ಬಳಕೆಯಲ್ಲಿದೆ’ ಅಂತ ಗದರಿ ಕಳಿಸ್ತಾರೆ. ನನಗೆ ‘ಆರ್‌ಎಂಮಾಡ್’ ಅಂದರೆ ಮುಗೀತು.

● ಮೇಲ್ಮನವಿ?

– ರೂಟ್ ಆದೇಶಕ್ಕೆ ಮೇಲ್ಮನವಿ ಎಲ್ಲೈತ್ರಿ?

● ಎದ್ದು ಹೋಗುವುದಾದರೂ ಸಲೀಸೇ?

– ಅಲ್ಲೇ ಇರೋದು ತಾಪತ್ರಯ. ನಮ್ಮ ತಾಲ್ಲೂಕಿನ ಸೂಳೆಕೆರೆ ತೂಬಿಗೆ ಕೈ ಹಾಕೋರು ಅದರ ಸಿದ್ಧನಾಲೆಗೆ ನೀರು ನಿಲ್ಲಿಸಿಯೇ ಕೈ ಹಾಕೋದು. ಇಲ್ಲೂ ಮೊದಲು ಹೊಸ ಪ್ಯಾಕೆಟ್ ತಡೀಬೇಕು, ಕಾರ್ಡ್ ನೇರವಾಗಿ ಮೆಮೊರಿಗೆ ಬರೆಯೋ ಡಿಎಂಎ ನಿಲ್ಲಿಸಬೇಕು, ಇಂಟರಪ್ಟ್ ಬಿಡಬೇಕು. ಮೆಮೊರಿ ವಾಪಸ್ ಕೊಡೋದು ಆಮೇಲೆ. ಈ ಕ್ರಮ ತಪ್ಪಿತೋ, ನಾನು ಬಿಟ್ಟ ಜಾಗ ಬೇರೆಯವರ ಪಾಲಾದ ಮೇಲೂ ಕಾರ್ಡ್ ಅಲ್ಲೇ ಗೀಚ್ತಾ ಕೂರುತ್ತೆ. ಆಗ ಕರ್ನಲ್ಲೇ ಮಕಾಡೆ ಮಲಗುತ್ತೆ.

● ನಿಮ್ಮನ್ನು ಹಿಡಿದು ನಿಲ್ಲಿಸಿದವರು ಯಾರೂ ಇಲ್ಲವೇ?

– ಇದ್ದಾರೆ, ಪ್ರೀತಿಯಿಂದಲ್ಲ, ಮರೆವಿನಿಂದ. ಯಾರೋ ಇಂಟರ್‌ಫೇಸ್ ಹಿಡಿದುಕೊಂಡು ಬಿಡೋದನ್ನೇ ಮರೆತಿರ್ತಾರೆ. ಆಗ ‘ಬಿಡುಗಡೆಗೆ ಕಾಯಲಾಗುತ್ತಿದೆ’ ಅಂತ 10 ಸೆಕೆಂಡಿಗೊಮ್ಮೆ ಲಾಗ್‌ನಲ್ಲಿ ಷರಾ ಬೀಳುತ್ತೆ. ಷರಾ ಮೇಲೆ ಷರಾ, ಕಡತ ಮಾತ್ರ ಕದಲಲ್ಲ. ಕೊನೆಗೆ ರೀಬೂಟ್. (ಸರ್ಕಾರಕ್ಕೆ ಆ ಸೌಲಭ್ಯವೂ ಇಲ್ಲವೆಂಬುದು ನಮ್ಮ ಟಿಪ್ಪಣಿ.)

● ಬೆಂಗಳೂರಿನಲ್ಲಿ ಕೂತು ಎಸ್‌ಎಸ್‌ಹೆಚ್ ಮೂಲಕ ನಿಮ್ಮನ್ನು ತೆಗೆಯುವವರ ಬಗ್ಗೆ?

– (ನಗುತ್ತಾ) ಅವರ ಧೈರ್ಯ ದೊಡ್ಡದು! ನನ್ನನ್ನು ಕಿತ್ತುಹಾಕೋ ಆದೇಶಾನ ನಾನೇ ಹೊತ್ತು ತಂದು ಕರ್ನಲ್ ಕೈಗೆ ಕೊಡ್ತೀನಿ. ನಾನು ಹೋದಮೇಲೆ ‘ವಾಪಸ್ ಕರೀರಿ’ ಅನ್ನೋ ಆದೇಶ ತರೋರು ಯಾರು? ಅವರ ಪರದೆ ಅಲ್ಲಾಡಲ್ಲ. ಇಲ್ಲಿ ಗುಮಾಸ್ತರು ಕೇಬಲ್ ಕಿತ್ತು ಸಿಕ್ಕಿಸ್ತಾ, ರೂಟರಿಗೆ ಬೈತಾ ಕೂತಿರ್ತಾರೆ.

● ಓದುಗರಿಗೆ ಏನು ಹೇಳುತ್ತೀರಿ?

– ತೆಗೆಯೋ ಆಜ್ಞೆ, ಸೇರಿಸೋ ಆಜ್ಞೆ ಎರಡನ್ನೂ ಒಂದೇ ಸಾಲಲ್ಲಿ ಬರೆದು ಎಂಟರ್ ಒತ್ತಿ. ಧೈರ್ಯ ಸಾಲದಿದ್ದರೆ ಬಸ್ಸು ಹತ್ತಿ ಚನ್ನಗಿರಿಗೇ ಬನ್ನಿ. ಕೀಬೋರ್ಡ್ ಇಲ್ಲೇ ಇದೆ.